ಮುಗಿಲು ಹಿಂಜುವವರ ವೀಳ್ಯ

ಮುಗಿಲು ಇನ್ನೂ ಕೈಗೆಟುಕುತ್ತಿದ್ದ ಕಾಲದಲ್ಲಿ ಮುಗಿಲಪುರವೆಂಬ ರಾಜ್ಯವಿತ್ತು. ಅಲ್ಲಿನ ಜನ ಬೆಟ್ಟವೇರಿ, ಅರಳೆ ಹಿಂಜಿದ ಹಾಗೆ ಮೋಡ ಹಿಂಜುತ್ತಿದ್ದರು. ಹಿಂಜಿದ್ದೆಲ್ಲ ಕಾವಳನೆಂಬ ಮಾಂತ್ರಿಕನ ನಿಲುವಂಗಿಗೆ. ದಿನವೂ ಹೊಸ ಮೋಡ ಸೇರದಿದ್ದರೆ ನಿಲುವಂಗಿ ಸವೆಯುತ್ತಿತ್ತು. ಕೂಲಿ ಎಷ್ಟು ಅಂತೀರಿ? ಒಂದು ಹಿಡಿ ರಾಗಿ! ಹಸಿದವರು ‘ಒಲ್ಲೆ’ ಅನ್ನಲಾರರು. ಕಾವಳನ ಮಾಯೆ ನಿಂತದ್ದೇ ಅದರ ಮೇಲೆ.

ಬೆಟ್ಟದ ಚಳಿಯಲ್ಲಿ ಬಹಳ ಹಿಂಜಿದವರ ಬೆರಳು ಮಂಜಾಗುತ್ತಿತ್ತು. ಸಾತವ್ವನ ಹತ್ತು ಬೆರಳೂ ಹೋಗಿ, ಅವಳು ಅಂಗೈಯಲ್ಲೇ ಹಿಂಜುತ್ತಿದ್ದಳು; ಈಗ ಅದೂ ಮಂಜಾಗತೊಡಗಿತ್ತು. ಹೀಗೇ ದುಡಿದರೆ ಅವಳೇ ಮಂಜಾಗಿ ಹಾರಿಹೋಗುವಳೆಂದು ಮಗಳು ಕಂಚಿಗೆ ಭಯ. ಅವ್ವ ಜಡೆ ಹೆಣೆದು ಎಷ್ಟು ಕಾಲವಾಯಿತೋ, ಕಂಚಿಯ ಕೂದಲು ಕೆದರಿಕೊಂಡೇ ಇರುತ್ತಿತ್ತು.

ಒಂದು ದಿನ ಮೋಡದಲ್ಲಿ ಸಿಕ್ಕಿಬಿದ್ದ ಆಮೆಯನ್ನು ಕಂಚಿ ಬಿಡಿಸಿದಳು.

“ಏನು ಬೇಕು ಮಗಳೇ?” ಎಂದಿತು ಆಮೆ.

“ನಮ್ಮವ್ವ ಸ್ವಲ್ಪ ದಿನ ಕೂತು ಉಣ್ಣಬೇಕು.”

“ಒಂದೇ ಮನೆಗೆ ಕೊಡೋದು ನನಗೆ ಗೊತ್ತಿಲ್ಲವಲ್ಲ. ಕೊಟ್ಟರೆ ಎಲ್ಲರಿಗೂ.”

ಬೆಳಗಾದರೆ ಪ್ರತಿ ಮನೆಯ ಮಡಕೆಯಲ್ಲೂ ಆ ದಿನಕ್ಕಾಗುವಷ್ಟು ಹಿಟ್ಟು! ಗುಡಿಸಲಲ್ಲೂ ಇತ್ತು, ಅರಮನೆಯಲ್ಲೂ ಇತ್ತು, ಕಾವಳನ ಅಡುಗೆಮನೆಯಲ್ಲೂ ಇತ್ತು.

ಹಿಂಜುವವರಿಲ್ಲದೆ ಬೆಟ್ಟ ಬರಿದಾಯಿತು. ಕಾವಳ ರಾಜನ ಬಳಿ ಓಡಿದ. “ಕೂತು ತಿಂದರೆ ಕುಡಿಕೆ ಹೊನ್ನು ಸಾಲದು, ಪ್ರಭು! ಜನ ಸೋಮಾರಿಗಳಾದರು. ಆಮೆಯನ್ನು ಕಲ್ಲು ಮಾಡಲು ಅಪ್ಪಣೆ ಕೊಡಿ.”

“ಮೂರು ದಿನ ನೋಡೋಣ. ಆಗಲೂ ಬೆಟ್ಟ ಬರಿದಾಗಿದ್ದರೆ ಮಾಡು,” ಎಂದ ರಾಜ.

ಮೊದಲ ದಿನ ರಾಜ ಬಂದು ನೋಡಿದರೆ ಊರಿಗೆ ಊರೇ ಮಲಗಿತ್ತು. “ಹುಟ್ಟಿದಾಗಿನಿಂದ ನಿದ್ದೆಗೆಟ್ಟವರು ಬುದ್ಧೀ,” ಎಂದಳು ಕಂಚಿ.

ಎರಡನೇ ದಿನ ಒಬ್ಬ ಸೂರು ಹೊದಿಸುತ್ತಿದ್ದ, ಒಬ್ಬಳು ಕೂಸಿಗೆ ನೀರೆರೆಯುತ್ತಿದ್ದಳು, ಒಂದಷ್ಟು ಮಂದಿ ಕೆರೆಯ ಹೂಳೆತ್ತುತ್ತಿದ್ದರು. ಪುಟ್ಟಯ್ಯ ಎಂಬಾತ ಮಾತ್ರ ಹಾಸಿಗೆ ಬಿಟ್ಟಿರಲಿಲ್ಲ. ಅವನು ಮೊದಲೂ ಹಾಗೇ ಇದ್ದ. ಅಂಥವನೊಬ್ಬ ಯಾವ ಊರಲ್ಲಿಲ್ಲ ಹೇಳಿ? ಬೆಟ್ಟಕ್ಕೆ ಯಾರೂ ಹೋಗಲಿಲ್ಲ.

ಮೂರನೇ ದಿನವೂ ಬೆಟ್ಟ ಬರಿದು. ರಾಜನ ಎದುರಿಗೇ ಕಾವಳ ಆಮೆಯತ್ತ ಮಂತ್ರದಂಡ ಎತ್ತಿದ. ಕಂಚಿ ಆಮೆಯನ್ನು ತಬ್ಬಿಕೊಂಡು, “ಅಯ್ಯೋ, ಯಾರಾದರೂ ಬೆಟ್ಟಕ್ಕೆ ಹೋಗ್ರೋ! ಆಮೆ ಕಲ್ಲಾದರೆ ನಮ್ಮವ್ವ ಮತ್ತೆ ಹಿಂಜಬೇಕು, ಉಳಿಯಲ್ಲ!” ಎಂದು ಗೋಳಾಡಿದಳು.

“ಹೆಂಗೆ ಹೋಗೋದು ಮಗಾ? ಕರೆದೋರು ಯಾರು?” ಎಂದಳು ಸಾತವ್ವ.

ರಾಜ ಹುಬ್ಬೇರಿಸಿದ. “ಕರೆಯಬೇಕೇ?”

“ಹಿಂಜೋರನ್ನ ವೀಳ್ಯ ಹಿಡಿದು ಮನೆಬಾಗಿಲಿಗೆ ಬಂದು ಕರೀಬೇಕು ಬುದ್ಧೀ. ಕೂಲಿ ಒಪ್ಪಿದರೆ ಎಲೆ ತಗೋತೀವಿ. ಹಿರೀಕರ ಪದ್ಧತಿ ಅದು. ಇಷ್ಟು ದಿನ ಹಸಿವೇ ಕರೀತಿತ್ತು, ಹೋಗ್ತಿದ್ವಿ.”

ರಾಜ ನಕ್ಕುಬಿಟ್ಟ. “ಕಾವಳಾ, ಹೋಗಿ ಕರಿ.”

ಆಗಲೇ ಕಾವಳನ ನಿಲುವಂಗಿ ತೂತುಬಿದ್ದಿತ್ತು. ಗತಿಯಿಲ್ಲದೆ ವೀಳ್ಯ ಹಿಡಿದು ಹೊರಟ. ಮೊದಲ ಮನೆಯವರು, “ಬಳ್ಳ ತುಂಬ ರಾಗಿ ಕೊಡು,” ಎಂದರು. “ಆಗಲಿ.” ಎರಡನೇ ಮನೆಯವರು, “ಕಂಬಳಿ ಬೇಕು, ಕಾಯಿಸಿಕೊಳ್ಳಲು ಬೆಂಕಿ ಬೇಕು,” ಎಂದರು. “ಆಗಲಿ.” ಮೂರನೇ ಮನೆಯವರು, “ಹೊತ್ತು ಮುಳುಗೋಕೆ ಮೊದಲು ಮನೆಗೆ ಬಿಡಬೇಕು,” ಎಂದರು. “ಆಗಲಿ, ಆಗಲಿ!” ಎಲೆ ತೆಗೆದುಕೊಂಡವರು ಹಾಡಿಕೊಳ್ಳುತ್ತಾ ಬೆಟ್ಟ ಹತ್ತಿದರು.

ಕೊನೆಗೆ ಸಾತವ್ವನ ಬಾಗಿಲು. “ನಿನ್ನಷ್ಟು ನಯವಾಗಿ ಹಿಂಜೋರಿಲ್ಲ. ಏನು ಬೇಕಾದರೂ ಕೊಡ್ತೀನಿ, ಬಾ ತಾಯಿ.”

ಸಾತವ್ವ ಎಲೆಯನ್ನು ನೋಡಿದಳು, ತನ್ನ ಮಂಜಿನ ಕೈ ನೋಡಿಕೊಂಡಳು.

“ಒಲ್ಲೆ,” ಎಂದಳು.

ಆ ಮಾತು ಬಿದ್ದದ್ದೇ ತಡ, ನಿಲುವಂಗಿ ಹೊಗೆಯಾಗಿ ಕರಗಿತು. ಮಂತ್ರದಂಡ ಬರೀ ಕೋಲಾಯಿತು. ಕಾವಳ ಚಳಿಗೆ ನಡುಗುವ ಸಾದಾ ಮನುಷ್ಯನಾಗಿ ನಿಂತ. ಸಾತವ್ವನ ಬೆರಳುಗಳು ಒಂದೊಂದಾಗಿ ಮರಳಿ ಬಂದವು.

ಅಂದಿನಿಂದ ಹಿಂಜಿದ ಮೋಡ ಊರವರ ಹೊದಿಕೆಯಾಯಿತು. ಕಾವಳನೂ ವೀಳ್ಯ ತೆಗೆದುಕೊಂಡು ಹಿಂಜಲು ಕಲಿತ. ಅವನ ಮಡಕೆಗೂ ಹಿಟ್ಟು ಬರುತ್ತಲೇ ಇತ್ತು. ಎಲ್ಲರೂ ಉಂಡು, ದುಡಿದು, ನೆಮ್ಮದಿಯಾಗಿ ನಿದ್ದೆ ಮಾಡಿದರು.

ಬೆರಳು ಬಂದ ಮೇಲೆ ಸಾತವ್ವ ಮಾಡಿದ ಮೊದಲ ಕೆಲಸ ಯಾವುದು ಗೊತ್ತೇ? ಕಂಚಿಯನ್ನು ಜಗುಲಿಯಲ್ಲಿ ಕೂರಿಸಿಕೊಂಡು ಬಿಗಿಯಾಗಿ ಜಡೆ ಹೆಣೆದಳು. “ಅವ್ವಾ, ನೋಯ್ತದೆ!” ಎಂದು ಕೂಗಿದ ಕಂಚಿ ಖುಷಿಗೆ ಅತ್ತುಬಿಟ್ಟಳು.