ಪಿಂಗಾಣಿ ಬೆಕ್ಕಿಗೆ ಶೇವಿಂಗ್

"ಇದೇನೇ ಇದು?" ಎಂದು ತಾತ ಕತ್ತಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

ಟವೆಲ್ ಮಡಿಸುತ್ತಿದ್ದ ಮೊಮ್ಮಗಳು ಸಾಸಿವೆ ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು.

ಅದು ತಾತನ ಕ್ಷೌರದ ಕತ್ತಿ. ಮಡಚಿದರೆ ಹಿಡಿಯೊಳಗೆ ಮಲಗುತ್ತಿತ್ತು, ಬಿಚ್ಚಿದರೆ ಮಿಂಚುತ್ತಿತ್ತು. ಕಟಿಂಗ್ ಶಾಪ್ ನಡೆಸುತ್ತಿದ್ದಷ್ಟು ವರ್ಷವೂ ತಾತ ಅದರಲ್ಲೇ ಊರಿನ ಗಡ್ಡಗಳನ್ನೆಲ್ಲ ಬೋಳಿಸಿದ್ದರು. ಈಗ ಶಾಪು ಚಿಕ್ಕಪ್ಪನದು. ಅಲ್ಲಿ ಪ್ರತಿ ಗಿರಾಕಿಗೂ ಹೊಸ ಬ್ಲೇಡು. ಕತ್ತಿಗೆ ಉಳಿದಿದ್ದ ಗಿರಾಕಿ ಒಬ್ಬರೇ, ಆಚೆ ಬೀದಿಯ ದರ್ಜಿ ತಾತ. ಭಾನುವಾರ ಬೆಳಗ್ಗೆ ಅವರು ಬಂದು ಹಿತ್ತಲ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂರುತ್ತಿದ್ದರು. ಗಡ್ಡ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿದರೂ ಇಬ್ಬರ ಮಾತು ಊಟದ ಹೊತ್ತಿನವರೆಗೆ ನಡೆಯುತ್ತಿತ್ತು.

ತಾತ ಕತ್ತಿಯ ಅಂಚನ್ನು ಹತ್ತಿಯ ಮೇಲೆ ಮೆಲ್ಲಗೆ ಸವರಿದರು. ಒಂದು ಎಳೆ ಸಿಕ್ಕಿಕೊಂಡಿತು.

"ಮುಕ್ಕಾಗಿದೆ. ಸಾಸಿವೆಯಷ್ಟೂ ಇಲ್ಲ ನೋಡು. ಆದ್ರೆ ಕೆನ್ನೆ ಗೀರೋಕೆ ಇಷ್ಟೇ ಸಾಕು."

ಬಿಸಿ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಸದಾ ಚಟಪಟ ಅನ್ನುತ್ತಾಳೆಂದು ಅವಳಿಗೆ ಆ ಹೆಸರಿಟ್ಟವರು ತಾತನೇ. ಇವತ್ತು ಸಾಸಿವೆ ಸಿಡಿಯಲೇ ಇಲ್ಲ.

ಏಕೆಂದರೆ ನಿನ್ನೆ ಮಧ್ಯಾಹ್ನ ಮನೆಯಲ್ಲಿ ಎಲ್ಲರೂ ಮಲಗಿದ್ದಾಗ ಅವಳು ಕನ್ನಡಿಯ ಮುಂದೆ ಹೊಸ ಶಾಪ್ ತೆರೆದಿದ್ದಳು. ಮೊದಲ ಗಿರಾಕಿ ಷೋಕೇಸಿನ ಪಿಂಗಾಣಿ ಬೆಕ್ಕು. ಅದರ ಕೊರಳಿಗೆ ಟವೆಲ್ ಹೊದಿಸಿದಳು, ಮುಖದ ತುಂಬ ನೊರೆ ಹಚ್ಚಿದಳು.

"ಏನ್ ಸಾರ್, ಮೀಸೆ ಇರ್ಲಾ, ತೆಗೀಲಾ?"

"ಮೀಸೆ ಮುಟ್ಟಬೇಡಮ್ಮ, ಅದೇ ನನ್ನ ಗತ್ತು," ಎಂದಿತ್ತು ಬೆಕ್ಕು. ಕೋಣೆಯೆಲ್ಲ ಸೋಪಿನ ಪರಿಮಳ. ಬಿಸಿಲು ಪರದೆಯೊಳಗಿಂದ ಹಳದಿಯಾಗಿ ಸೋಸಿ ಬರುತ್ತಿತ್ತು. ಬೆಕ್ಕು ಸುಖವಾಗಿ ಕಣ್ಣು ಮುಚ್ಚಿದಂತೆಯೇ ಅವಳಿಗೆ ಕಂಡಿತ್ತು. ನೊರೆಯೊಳಗೆ ಕತ್ತಿ ಮೆಲ್ಲಗೆ ಜಾರುತ್ತಿತ್ತು.

ಆಮೇಲೆ ಟಿಣ್ ಅಂದಿತು.

ಬೆಕ್ಕಿನ ಕಿವಿಯ ತುದಿ ಹಾರಿಹೋಗಿತ್ತು. ಕತ್ತಿಯ ಕಡೆ ನೋಡಲು ಅವಳಿಗೆ ಧೈರ್ಯವಾಗಲಿಲ್ಲ. ಹಾಗೇ ಒರೆಸಿ ಪೆಟ್ಟಿಗೆಯಲ್ಲಿಟ್ಟಳು. ಬೆಕ್ಕನ್ನು ಷೋಕೇಸಿನಲ್ಲಿ ಇಟ್ಟು, ಮುರಿದ ಕಿವಿಯನ್ನು ಗೋಡೆಯ ಕಡೆಗೆ ತಿರುಗಿಸಿದಳು.

"ಹೋದ ವಾರ ತೊಳೆಯುವಾಗ ನಾನೇ ನಲ್ಲಿಗೆ ತಾಗಿಸಿರಬೇಕು," ಎಂದರು ತಾತ ಈಗ.

ಅವರು ತಮ್ಮ ಬಲಗೈ ನೋಡಿಕೊಂಡರು. ಈಚೆಗೆ ಆ ಕೈ ನಡುಗುತ್ತಿತ್ತು. ಚಹಾ ಕುಡಿಯುವಾಗ ಕಪ್ಪು ಸಾಸರಿನ ಮೇಲೆ ಟಕಟಕ ಅಂದರೆ, ತಾತ ಸುಮ್ಮನೆ ಕೈಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಆದರೆ ಕತ್ತಿ ಹಿಡಿದಾಗ ಅದು ಒಮ್ಮೆಯೂ ನಡುಗಿರಲಿಲ್ಲ.

"ಕಪ್ಪು ನಡುಗಿದ್ರೆ ಚಹಾ ಚೆಲ್ಲುತ್ತೆ, ಒರೆಸಿದ್ರಾಯ್ತು. ಕತ್ತಿ ನಡುಗಿದ್ದು ನಂಗೇ ಗೊತ್ತಾಗಿಲ್ಲ ಅಂದ್ರೆ?" ತಾತ ಕತ್ತಿಯನ್ನು ಮಡಚಿದರು. "ನಂಬಿದ್ದ ಕೈಯೇ ಕೈ ಕೊಡ್ತು. ಸಾಕು ಬಿಡು. ನೀನು ದರ್ಜಿ ತಾತಂಗೆ ಹೇಳಿ ಬಾ ಮರಿ. ಇನ್ಮೇಲೆ ಚಿಕ್ಕಪ್ಪನ ಶಾಪಿಗೇ ಹೋಗ್ಲಿ ಅಂತ."

ಸಾಸಿವೆ ಹೊರಟಳು. ಬೀದಿ ಇನ್ನೂ ಅರೆನಿದ್ದೆಯಲ್ಲಿತ್ತು. ಒಣಗಲು ಹಾಕಿದ ಬಿಳಿ ಬಟ್ಟೆಗಳು ಗಾಳಿಗೆ ಉಬ್ಬಿ ಇಳಿಯುತ್ತಿದ್ದವು, ಅವೂ ಅವಳಿಗೆ ನೊರೆಯಂತೆಯೇ ಕಂಡವು. ಬೀದಿ ಹೀಗೇ ಉದ್ದವಾಗುತ್ತ ಹೋಗಲಿ, ದರ್ಜಿ ತಾತನ ಮನೆ ಬರುವುದೇ ಬೇಡ ಅನ್ನಿಸಿತು. ಆದರೆ ಮನೆ ಬಂದೇಬಿಟ್ಟಿತು.

ದರ್ಜಿ ತಾತ ಶರ್ಟಿನ ಕಾಲರ್ ಒಳಗೆ ಮಡಚಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು.

"ನೀರು ಕಾಯ್ತೇನೇ? ವಾರದ ಸುದ್ದಿಯೆಲ್ಲ ಹೊಟ್ಟೇಲಿ ಇಟ್ಕೊಂಡು ಕೂತಿದೀನಿ. ಅಜೀರ್ಣ ಆಗೋದ್ರೊಳಗೆ ಬಂದ್ಬಿಡ್ತೀನಿ."

"ತಾತ ಹೇಳಿದ್ರು..." ಅವಳು ಅವರ ಹೆಗಲ ಮೇಲಿನ ಟವೆಲ್ಲನ್ನೇ ನೋಡಿದಳು. "ಸ್ವಲ್ಪ ಲೇಟಾಗುತ್ತಂತೆ."

"ಆಗ್ಲಿ ಬಿಡು. ಗಡ್ಡ ಎಲ್ಲಿಗೆ ಓಡಿ ಹೋಗುತ್ತೆ."

ಓಡಿದ್ದು ಸಾಸಿವೆ. ಮನೆಗೆ ಬಂದವಳೇ ಷೋಕೇಸಿನಿಂದ ಬೆಕ್ಕನ್ನು ತೆಗೆದು ತಾತನ ಮುಂದಿಟ್ಟಳು. ತಾತ ಕತ್ತಿಯ ಪೆಟ್ಟಿಗೆಗೆ ದಾರ ಸುತ್ತುತ್ತಿದ್ದರು, ಅಟ್ಟದ ಮೇಲಿಡಲು.

"ತಾತ, ಇದರ ಕಿವಿ ನೋಡು."

ತಾತ ನೋಡಿದರು.

"ನಿನ್ನ ಕೈ ಅಲ್ಲ ತಾತ. ನಾನು. ನಿನ್ನೆ ಬೆಕ್ಕಿಗೆ ಶೇವಿಂಗ್ ಮಾಡ್ತಿದ್ದೆ."

ತಾತ ಪೆಟ್ಟಿಗೆ ಕೆಳಗಿಟ್ಟು ಅವಳ ಎರಡೂ ಕೈ ಹಿಡಿದುಕೊಂಡರು. ಒಂದೊಂದೇ ಬೆರಳು ಬಿಡಿಸಿ ಹಿಂದೆ ಮುಂದೆ ನೋಡಿದರು. ಅವರ ಕೈ ಗಡಗಡ ನಡುಗುತ್ತಿತ್ತು.

"ಎಲ್ಲೂ ತಾಗಿಲ್ಲ ತಾನೆ?"

"ಇಲ್ಲ."

"ಬೆರಳೇ ಹೋಗಿದ್ರೆ ಏನೇ ಮಾಡ್ತಿದ್ದೆ? ಆಟಕ್ಕೂ ಒಂದು ಮಿತಿ ಬೇಡ್ವಾ? ಇನ್ನೊಂದ್ಸಲ ಈ ಪೆಟ್ಟಿಗೆ ಮುಟ್ಟಿದ್ರೆ ನೋಡು."

"ಮುಟ್ಟಲ್ಲ," ಎನ್ನುವಾಗ ಅವಳಿಗೆ ಅಳು ಬಂತು. ತಾತನ ಬೈಗುಳಕ್ಕಲ್ಲ, ಆ ಕೈ ಅಷ್ಟು ನಡುಗುತ್ತಿದ್ದುದಕ್ಕೆ.

ತಾತ ಬೆಕ್ಕಿನ ಮುರಿದ ಕಿವಿಯ ಮೇಲೆ ಬೆರಳಾಡಿಸಿದರು. ಆಮೇಲೆ ಮೆಲ್ಲಗೆ, ತಮಗೆ ತಾವೇ ಹೇಳಿಕೊಳ್ಳುವಂತೆ, "ಹಾಗಾದ್ರೆ ನಲ್ಲಿಗೆ ತಾಗಿಸಿದ್ದು ನಾನಲ್ಲ," ಎಂದರು.

"ಅಲ್ಲ ತಾತ."

"ಖಂಡಿತ?"

"ನಿನ್ನಾಣೆ."

ತಾತ ಸುತ್ತಿದ ದಾರವನ್ನು ಬಿಚ್ಚಿದರು. "ಹೋಗು, ಒಂದು ಲೋಟ ನೀರು ತಗೊಂಡು ಬಾ. ಸಾಣೆಕಲ್ಲು ಮಂಚದ ಕೆಳಗಿದೆ, ಅದನ್ನೂ ತಾ."

ಒದ್ದೆ ಬಟ್ಟೆಯ ಮೇಲೆ ಕಲ್ಲನ್ನು ಕೂರಿಸಿದರು. ನೀರು ಚಿಮುಕಿಸುವ ಕೆಲಸ ಸಾಸಿವೆಯದು. ಅವಳು ಮೂಗೊರೆಸಿಕೊಂಡು ಕೇಳಿದಳು, "ಮುಕ್ಕಾದ ಜಾಗಕ್ಕೆ ಏನು ತುಂಬ್ತೀಯ?"

"ಉಕ್ಕಿಗೆ ತೇಪೆ ಹಾಕೋಕೆ ಆ ದರ್ಜಿಗೂ ಬರಲ್ಲ. ಮುಕ್ಕು ಎಷ್ಟು ಆಳ ಇದೆಯೋ, ಉಳಿದ ಅಂಚೂ ಅಷ್ಟು ಸವೀಬೇಕು. ಆಗ ಎಲ್ಲ ಒಂದೇ ಸಮ ಆಗುತ್ತೆ."

"ಇಡೀ ಅಂಚಾ? ಇಷ್ಟೇ ಇಷ್ಟಕ್ಕೆ?"

"ಇಡೀ ಅಂಚು. ಹೊಸದ್ರಲ್ಲಿ ಈ ಕತ್ತಿ ನನ್ನ ಹೆಬ್ಬೆರಳಷ್ಟು ಅಗಲ ಇತ್ತು ಗೊತ್ತಾ?"

ಸಾಸಿವೆ ನೋಡಿದಳು. ಈಗ ಅದು ಅವಳ ಕಿರುಬೆರಳಷ್ಟೇ ಇತ್ತು. "ಅಷ್ಟೊಂದು ಮುಕ್ಕು ಯಾರು ಮಾಡಿದ್ದು?"

"ಕೆಲವು ನಾನೇ ಮಾಡಿದ್ದು. ಒಂದೆರಡು ನಿಮ್ಮ ಚಿಕ್ಕಪ್ಪಂದು. ಸವೆಯೋದು ದಿನಾ ಇದ್ದಿದ್ದೇ. ನೀರು ಹಾಕು."

ತಾತ ಕತ್ತಿಯನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿ ಮಲಗಿಸಿದರು. ಕೈ ನಿಂತುಬಿಟ್ಟಿತು, ನಡುಕವೇ ಇಲ್ಲ. ಸ್ಸ್... ಎಂದು ಕತ್ತಿ ಮುಂದೆ ಹೋಯಿತು. ಬೆನ್ನಿನ ಮೇಲೆ ಹೊರಳಿ ಸ್ಸ್... ಎಂದು ಹಿಂದೆ ಬಂತು. ನೀರು ಹಾಲಿನಂತಾಗಿ, ಆಮೇಲೆ ಬೂದಿಯ ಬಣ್ಣಕ್ಕೆ ತಿರುಗಿತು. ಆ ಸದ್ದಿನಲ್ಲಿ ಸಾಸಿವೆಯ ಕಣ್ಣು ನಿದ್ದೆಗೆ ಎಳೆಯಿತು. ಬೆಕ್ಕೂ ತಾನೂ ದೋಣಿಯಲ್ಲಿ ಕೂತಂತೆ, ತಾತ ಹುಟ್ಟು ಹಾಕುತ್ತಿರುವಂತೆ, ಬೂದು ಬಣ್ಣದ ನೀರಿನ ಮೇಲೆ ದೋಣಿ ಹೋಗಿ ಹೋಗಿ ಮರಳುತ್ತಿರುವಂತೆ...

"ಸಾಸಿವೆ, ನೀರು."

ಅವಳು ಬೆಚ್ಚಿ ಚಿಮುಕಿಸಿದಳು. ಗೋಡೆಯ ಮೇಲಿದ್ದ ಬಿಸಿಲು ಅಷ್ಟರಲ್ಲಿ ನೆಲಕ್ಕೆ ಇಳಿದಿತ್ತು. ತಾತ ಹತ್ತಿಯ ಮೇಲೆ ಅಂಚು ಸವರಿದರು. ಎಳೆ ಸಿಕ್ಕಿಕೊಂಡಿತು. ಮತ್ತೆ ಕಲ್ಲು. ಮತ್ತೆ ಹತ್ತಿ. ಕೊನೆಗೊಮ್ಮೆ ಕತ್ತಿ ಹತ್ತಿಯ ಮೇಲೆ ಎಲ್ಲೂ ತಡೆಯದೆ ಹಾದುಹೋಯಿತು. ಆಮೇಲೆ ನುಣುಪು ಕಲ್ಲು, ಚರ್ಮದ ಪಟ್ಟಿ. ತಾತನಿಗೆ ಅವಸರವೇ ಇರಲಿಲ್ಲ.

"ಎಲ್ಲಿ, ನಿನ್ನ ತಲೆಯಿಂದ ಒಂದು ಕೂದಲು ಕೊಡು. ಅದೇ ನಿಂಗೆ ದಂಡ."

ಅವಳು ಕಿತ್ತು ಕೊಟ್ಟಳು. ತಾತ ಕೂದಲನ್ನು ಅಂಚಿಗೆ ತಾಗಿಸಿದರು. ಸದ್ದಿಲ್ಲದೆ ಅದು ಎರಡಾಯಿತು.

"ಏನಪ್ಪಾ, ಇವತ್ತು ಬೋಳಿಸ್ತೀಯೋ, ಇಲ್ಲಾ ಜಡೆ ಹಾಕ್ಕೊಂಡು ಬರಲೋ?" ಎನ್ನುತ್ತ ದರ್ಜಿ ತಾತ ಬಾಗಿಲಲ್ಲಿ ನಿಂತಿದ್ದರು.

ನೊರೆ ಎದ್ದಿತು. ಸುದ್ದಿಗಳೂ ಒಂದೊಂದಾಗಿ ಎದ್ದವು. ದರ್ಜಿ ತಾತ ಕಣ್ಣು ಮುಚ್ಚಿ ಕತ್ತು ಒಡ್ಡಿದರು. ಕತ್ತಿ ಕೆನ್ನೆಯಿಂದ ಗದ್ದಕ್ಕೆ, ಗದ್ದದಿಂದ ಗಂಟಲಿಗೆ ಇಳಿಯಿತು. ಸಾಸಿವೆ ಉಸಿರು ಬಿಗಿಹಿಡಿದು ತಾತನ ಕೈಯನ್ನೇ ನೋಡುತ್ತಿದ್ದಳು. ಕತ್ತಿ ನೊರೆಯಿಂದ ಹೊರಗೆ ಬಂದ ಮೇಲೆಯೇ ಉಸಿರು ಬಿಟ್ಟಳು.

"ಬೆಣ್ಣೆ ಕಣೋ, ಬೆಣ್ಣೆ. ಏನು ಮಾಡಿದೆ ಇವತ್ತು?" ಎಂದು ದರ್ಜಿ ತಾತ ಕೆನ್ನೆ ಸವರಿಕೊಂಡರು.

"ಸಾಣೆ ಹಿಡಿದೆ," ಎಂದರು ತಾತ. ಅಷ್ಟೇ ಹೇಳಿದರು.

ಅಮ್ಮ ಚಹಾ ತಂದಿಟ್ಟರು. ಸಾಸಿವೆ ಬೆಕ್ಕನ್ನು ಎತ್ತಿಕೊಂಡು ಷೋಕೇಸಿನ ಹತ್ತಿರ ಹೋದಳು. ಮುರಿದ ಕಿವಿಯನ್ನು ಗೋಡೆಯ ಕಡೆಗಿಟ್ಟು ಬಾಗಿಲು ಮುಚ್ಚಿದಳು.

ಹಿಂದಿನಿಂದ ಟಕಟಕ ಸದ್ದು ಕೇಳಿಸಿತು. ತಿರುಗಿ ನೋಡಿದಳು. ಕಪ್ಪು ಸಾಸರಿನ ಮೇಲೆ ನಡುಗುತ್ತಿತ್ತು, ಚಹಾ ತುಳುಕುತ್ತಿತ್ತು. ತಾತ ಕೈಯನ್ನು ಜೇಬಿಗೆ ಹಾಕಿಕೊಳ್ಳಲಿಲ್ಲ. ದರ್ಜಿ ತಾತನ ಯಾವುದೋ ಮಾತಿಗೆ ನಗುತ್ತ, ಹಾಗೇ ಕುಡಿಯುತ್ತಿದ್ದರು.

ಸಾಸಿವೆ ಷೋಕೇಸಿನ ಬಾಗಿಲನ್ನು ಮತ್ತೆ ತೆರೆದಳು. ಮುರಿದ ಕಿವಿ ಕಾಣುವಂತೆ ಬೆಕ್ಕನ್ನು ಮೆಲ್ಲಗೆ ಈ ಕಡೆಗೆ ತಿರುಗಿಸಿಟ್ಟಳು.