ಇದು ಲೋಡ್ ಅಲ್ಲ, ಎತ್ತಬೇಡಿ

ಆ ಒಂಬತ್ತು ದಿನದಲ್ಲಿ ನಾನು ಯಾರ ಹತ್ತಿರವಾದರೂ ಮೆತ್ತಗೆ ಮಾತಾಡಿದ್ದರೆ ಅದು ಬಾಯಿತಪ್ಪಿ ಆಗಿರಬೇಕು. ನಾನು ಶಾಲೆಯ ಪಿ.ಟಿ. ಟೀಚರ್. ಕೊರಳಲ್ಲಿ ಸೀಟಿ, ಬಾಯಲ್ಲಿ ಬೈಗುಳ. ಕೆಳಗಿನ ಊರುಗಳಿಗೆ ನದಿ ನುಗ್ಗಿದ ಸುದ್ದಿ ಬಂದ ದಿನವೇ ಹೆಡ್‌ಮಾಸ್ಟರು ಶಾಲೆಯ ಹಾಲ್ ಬಿಟ್ಟುಕೊಟ್ಟು, "ನಿಮ್ಮ ಗಂಟಲಿಗೆ ಊರೇ ಹೆದರುತ್ತೆ, ಪರಿಹಾರದ ಸಾಮಾನು ಸೇರಿಸೋ ಜವಾಬ್ದಾರಿ ನಿಮ್ದೇ" ಅಂದರು. ಹೊಗಳಿದರೋ ಬೈದರೋ ಯೋಚಿಸೋಕೂ ಪುರುಸೊತ್ತಿರಲಿಲ್ಲ.

ಮೊದಲ ಲಾರಿಗೇ ಜಗಳ. ನಾವೆಲ್ಲ ಬೆವರು ಸುರಿಸಿ ಮುಕ್ಕಾಲು ಲಾರಿ ತುಂಬಿಸಿದ ಮೇಲೆ ಡ್ರೈವರ್ ಮಹಾಶಯ ಬಂದ. ಹಿಂದೆ ನಿಂತು ಒಳಗೆ ಇಣುಕಿದ. "ಎಲ್ಲಾ ಇಳಿಸಬೇಕು" ಅಂದ.

ನಾನು ಸೀಟಿ ಊದಿಯೇಬಿಟ್ಟೆ. "ಏನ್ರೀ, ತಮಾಷೆನಾ? ಕೈ ಹಚ್ಚೋಕೆ ಆಗಲ್ಲ, ಹುಕುಂ ಮಾಡೋಕೆ ಮಾತ್ರ ಬರುತ್ತೆ!"

ಆತನಿಗೆ ಸಿಟ್ಟೇ ಬರಲಿಲ್ಲ. "ಮೇಡಂ, ಕುಡಿಯೋ ನೀರಿನ ಕ್ಯಾನ್ ಎಲ್ಲಿಟ್ಟಿದ್ದೀರಿ?"

"ಎಲ್ಲಕ್ಕಿಂತ ಮುಂಚೆ ಹತ್ತಿಸಿದ್ದೇ ಅದನ್ನ. ಒಳಗೆ, ಕ್ಯಾಬಿನ್ ಗೋಡೆಗೆ ಒತ್ತಿ, ಭದ್ರವಾಗಿ."

"ಅಲ್ಲಿ ಜನ ಮೊದಲು ಕೇಳೋದೇ ನೀರು. ಅದನ್ನ ತೆಗೀಬೇಕಂದ್ರೆ ಈ ಮುನ್ನೂರು ಕಂಬಳಿನೂ ಕೆಸರಲ್ಲಿ ಇಳಿಸಬೇಕು." ಸ್ವಲ್ಪ ಹೊತ್ತು ಬಿಟ್ಟು ಸೇರಿಸಿದ, "ಮೊದಲು ಬೇಕಾದ್ದನ್ನ ಕೊನೆಗೆ ಹತ್ತಿಸಬೇಕು ಮೇಡಂ."

ನನ್ನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಎಲ್ಲ ಇಳಿಸಿದೆವು, ಮತ್ತೆ ಹತ್ತಿಸಿದೆವು. ಆತನೂ ಅಂಗಿಯ ತೋಳು ಮಡಚಿ ನಮಗಿಂತ ಎರಡು ಪಟ್ಟು ಹೊತ್ತ. ಹೊರಡುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಸೀಟಿ ಚೆನ್ನಾಗಿ ಊದ್ತೀರಿ" ಅಂದ. ಕಣ್ಣು ಮಾತ್ರ ನಗುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು.

ಬೇರೆ ಡ್ರೈವರುಗಳು ಆತನನ್ನು ಕರೆಯುತ್ತಿದ್ದದ್ದು ನಿಧಾನಪ್ಪ ಅಂತ. ಲಾರಿ ನಲವತ್ತು ದಾಟಿಸುವುದಿಲ್ಲ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಒಂದು ಟೀ ಕುಡಿದು ಲೋಟ ತೊಳೆದಿಡಬಹುದು. ದಿನ ಬಿಟ್ಟು ದಿನ ವಾಪಸ್ ಬರುತ್ತಿದ್ದ, ಲಾರಿಯ ಚಕ್ರಕ್ಕೆಲ್ಲ ಕೆಸರು ಮೆತ್ತಿಕೊಂಡು. ಆತ ಬಾರದ ದಿನ ನಾನು ಎಲ್ಲರ ಮೇಲೂ ಹರಿಹಾಯುತ್ತಿದ್ದೆ ಅಂತ ಕಂಡುಹಿಡಿದದ್ದು ಅತ್ತಿಗೆ. ಅಣ್ಣನ ಮನೆಯಲ್ಲೇ ನಾನಿರುವುದು, ಅತ್ತಿಗೆಗೆ ನನ್ನ ಉಸಿರೂ ಲೆಕ್ಕ.

ಅತ್ತಿಗೆ ಹಾಲ್‌ನಲ್ಲಿ ಹಳೇ ಬಟ್ಟೆ ಬೇರ್ಪಡಿಸುತ್ತಾ ಕೂತಿದ್ದರು. ಒಂದು ಮೂಟೆ ಬಿಚ್ಚಿದರೆ ಬರೀ ಟೈಗಳು.

"ಅಯ್ಯೋ ರಾಮ, ಟೈ ಕಟ್ಕೊಂಡು ಎಲ್ಲಿಗೆ ಹೋಗಬೇಕಂತೆ ಪಾಪ ಆ ಜನ?"

"ಆಫೀಸಿಗೆ" ಅಂದ ನಿಧಾನಪ್ಪ, ಪೆಟ್ಟಿಗೆಗೆ ಟೇಪ್ ಸುತ್ತುತ್ತಾ. ಆಮೇಲೆ, "ಆಫೀಸು ಎಲ್ಲಿ ತೇಲಿ ಹೋಯ್ತು ಅಂತ ಹುಡುಕಬೇಕು."

ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕು, ಅದೇ ಉಸಿರಿನಲ್ಲಿ ವಿಚಾರಣೆ ಶುರುಮಾಡಿದರು. "ನಿಮ್ಮ ಮನೆ ಎಲ್ಲಿ?"

"ಕ್ಯಾಬಿನ್."

"ಮನೆಯಲ್ಲಿ ಯಾರ್ಯಾರಿದ್ದಾರೆ?"

"ಸ್ಟೇರಿಂಗು."

ಅತ್ತಿಗೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ನಾನು ಕೇಳಿಸದವಳ ಹಾಗೆ ಪೆಟ್ಟಿಗೆಯ ಮೇಲೆ ಬರೆಯುತ್ತಿದ್ದೆ. 'ಮಾತ್ರೆ' ಅಂತ ಎರಡು ಸಲ ಬರೆದಿದ್ದೆ.

ಐದನೇ ದಿನ ಮಧ್ಯಾಹ್ನ ನನ್ನ ಸೊಂಟ ಕೈಕೊಟ್ಟಿತು. ಕಂಬಳಿ ರಾಶಿಗೆ ಒರಗಿ ಐದು ನಿಮಿಷ ಅಂತ ಕಣ್ಣು ಮುಚ್ಚಿದವಳು ಎರಡು ಗಂಟೆ ಮಲಗಿಬಿಟ್ಟೆ. ಎದ್ದಾಗ ಹಾಲ್ ಅರ್ಧ ಖಾಲಿ, ನಾನು ಒರಗಿದ್ದ ರಾಶಿ ಮಾತ್ರ ಹಾಗೇ ಇದೆ. ಕಾಲ ಹತ್ತಿರ ಒಂದು ರಟ್ಟಿನ ತುಂಡು, ದಪ್ಪ ಮಾರ್ಕರಿನಲ್ಲಿ ಬರೆದದ್ದು: 'ಇದು ಲೋಡ್ ಅಲ್ಲ, ಎತ್ತಬೇಡಿ.'

ಡ್ರೈವರುಗಳೆಲ್ಲ ಬಾಯಿಗೆ ಟವೆಲ್ ಅಡ್ಡ ಹಿಡಿದು ನಗುತ್ತಿದ್ದರು. ನಿಧಾನಪ್ಪ ಮಾತ್ರ ಹೊರಗೆ ಬಲು ಗಂಭೀರವಾಗಿ ಹಗ್ಗ ಬಿಗಿಯುತ್ತಿದ್ದ.

"ಯಾರ್ರೀ ಇದು ಬರೆದಿದ್ದು?"

"ಅಕ್ಷರ ಚೆನ್ನಾಗಿಲ್ವಾ ಮೇಡಂ?"

ತಿರುಗಿ ನೋಡಿದ. ನಿದ್ದೆಗೆಟ್ಟು ಕಣ್ಣು ಕೆಂಪಗಾಗಿದ್ದವು. ಮೂರು ರಾತ್ರಿ ನೆಟ್ಟಗೆ ಮಲಗಿರದ ಮನುಷ್ಯ ನನ್ನ ನಿದ್ದೆ ಕಾದಿದ್ದ. ಮೂವತ್ತೇಳು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಜೋಪಾನ ಮಾಡಿರಲಿಲ್ಲ. ಬೈಯಬೇಕೆಂದು ಹೋದವಳು ರಟ್ಟನ್ನು ಬ್ಯಾಗಿಗೆ ಸೇರಿಸಿಕೊಂಡು ವಾಪಸ್ ಬಂದೆ. ಈ ಮನುಷ್ಯ ನನಗೆ ಬೇಕು ಅಂತ ಅವತ್ತೇ ಗೊತ್ತಾಯಿತು. ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಒಂಬತ್ತನೇ ದಿನ ಕೊನೇ ಲೋಡ್. ಅಷ್ಟರಲ್ಲಿ ನನ್ನ ಗಂಟಲು ಪೂರ್ತಿ ಬಿದ್ದುಹೋಗಿತ್ತು, ಬರೀ ಗಾಳಿ ಬರುತ್ತಿತ್ತು. ನೀರಿನ ಕ್ಯಾನ್ ಕೊನೆಗೆ ಹತ್ತಿಸುತ್ತಾ ಆತನೇ ಹೇಳಿದ, "ಈ ಸಲ ವಾಪಸ್ ಬರಲ್ಲ ಮೇಡಂ. ಓನರ್ ಅಲ್ಲಿಂದಲೇ ಮುಂದಕ್ಕೆ ಬೇರೆ ಲೋಡ್ ಹಿಡಿದಿದ್ದಾರೆ. ಪರಿಹಾರದ ಕೆಲಸ ಅಂತ ಇಷ್ಟು ದಿನ ಸುಮ್ಮನಿದ್ರು. ಇನ್ಮೇಲೆ ಖಾಲಿ ಗಾಡಿ ತಂದ್ರೆ ಚರ್ಮ ಸುಲೀತಾರೆ."

ನಾನು ತಲೆಯಾಡಿಸಿದೆ. ಆತ ಇನ್ನೇನೋ ಹೇಳುವವನ ಹಾಗೆ ನಿಂತ. ಕ್ಯಾನ್ ಎಣಿಸಿದ, ಮತ್ತೆ ಎಣಿಸಿದ. ಆಮೇಲೆ ಹೋಗಿ ಸೀಟಿನಲ್ಲಿ ಕೂತ.

"ಊರಿಗೆಲ್ಲಾ ಕೂಗಿದ್ದಾಯ್ತು, ಈಗ ಮೂಗಿ ಆಗಿಬಿಡು" ಅಂತ ಅತ್ತಿಗೆ ಕಿವಿಯಲ್ಲಿ ಗದರಿದರು. "ಹೋಗೇ, ದಮ್ಮಯ್ಯ!"

ಲಾರಿ ಗೇಟು ದಾಟುತ್ತಿತ್ತು. ಸೀಟಿ ಊದಿದೆ. ಬ್ರೇಕು ಕಿರುಚಿತು. ಓಡಿ ಹೋಗಿ ಕಿಟಕಿಯ ಕೆಳಗೆ ನಿಂತೆ. ನನ್ನ ಪಿಸುಮಾತು ಕೇಳಿಸಲು ಆತ ಅರ್ಧ ಮೈ ಹೊರಗೆ ಬಗ್ಗಿಸಬೇಕಾಯಿತು.

"ವಾಪಸ್ ಬನ್ನಿ."

"ಲೋಡ್ ಇಲ್ವಲ್ಲ ಮೇಡಂ."

"ಖಾಲಿ ಬನ್ನಿ."

ಆತ ನನ್ನನ್ನೇ ನೋಡಿದ. ಹಿಂದಿನ ಲಾರಿ ಹಾರ್ನ್ ಬಾರಿಸಿತು, ಆತ ಕದಲಲಿಲ್ಲ. "ಇಷ್ಟು ದಿನ ಒಳಗಿಟ್ಕೊಂಡು ಈಗ ಹೇಳ್ತೀರಲ್ಲ."

"ಮೊದಲು ಬೇಕಾದ್ದನ್ನ ಕೊನೆಗೆ ಅಂತ ನೀವೇ ಹೇಳಿದ್ದು."

ಆತ ಮೈ ಒಳಗೆಳೆದುಕೊಂಡ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಲಾರಿ ಅದೇ ನಲವತ್ತರಲ್ಲಿ ರಸ್ತೆ ತಿರುಗಿತು.

ಒಂದು ವಾರ ಕಳೆಯಿತು. ಹಾಲ್ ಗುಡಿಸಿದೆವು. ಶಾಲೆ ಶುರುವಾಯಿತು, ಗಂಟಲು ಬಂತು. ಅತ್ತಿಗೆ ತಮಾಷೆ ಮಾಡುವುದನ್ನು ನಿಲ್ಲಿಸಿದ್ದರು, ಅದೇ ನನಗೆ ಹೆಚ್ಚು ಅಳು ತರಿಸುತ್ತಿತ್ತು.

ಆತ ಹೋದ ಎಂಟನೇ ದಿನ ಮಧ್ಯಾಹ್ನ ಹಾಲ್‌ನಲ್ಲಿ ಮ್ಯಾಟ್ ಹಾಸುತ್ತಿದ್ದೆ. ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ಹೆಗಲಿಗೆ ಒಂದು ಬ್ಯಾಗು, ಗಡ್ಡ, ಸುಕ್ಕಾದ ಅಂಗಿ.

"ಗಾಡಿ ಎಲ್ಲಿ?" ಅಂದೆ. ಬೇರೆ ಮಾತೇ ಹೊಳೆಯಲಿಲ್ಲ.

"ಓನರ್‌ಗೆ ಒಪ್ಪಿಸಿಬಿಟ್ಟೆ. ನಾಲ್ಕು ಬಸ್ ಹತ್ತಿಳಿದು ಬಂದೆ." ಬ್ಯಾಗು ಕೆಳಗಿಳಿಸಿದ. "ಖಾಲಿ ಬಂದಿದ್ದೀನಿ ಮೇಡಂ."

ಅತ್ತುಬಿಟ್ಟೆ. ಊರೇ ಹೆದರುವ ಪಿ.ಟಿ. ಟೀಚರ್, ಮೂಗು ಸೋರಿಸಿಕೊಂಡು ಅತ್ತೆ. "ಇನ್ನು ಮೇಡಂ ಅನ್ನಬೇಡಿ."

"ಮತ್ತೇನನ್ನಲಿ?"

"ನಿಧಾನವಾಗಿ ಯೋಚಿಸಿ."

ನಕ್ಕ. ಸ್ವಲ್ಪ ಕೂರ್ತೀನಿ ಅಂದ. ನಾನು ನೀರು ತರುವಷ್ಟರಲ್ಲಿ ಮ್ಯಾಟಿನ ಮೇಲೆ ಒರಗಿ, ಚಪ್ಪಲಿ ಸಮೇತ, ಗೊರಕೆ ಹೊಡೆಯುತ್ತಿದ್ದ.

ಬೆಲ್ ಹೊಡೆಯಿತು. ಇನ್ನೊಂದು ನಿಮಿಷಕ್ಕೆ ಇಡೀ ಆರನೇ ಕ್ಲಾಸು ಕಿರುಚಿಕೊಂಡು ನುಗ್ಗುತ್ತದೆ. ನನ್ನ ಬ್ಯಾಗಿನಿಂದ ಆ ರಟ್ಟು ತೆಗೆದು ಆತನ ಕಾಲ ಹತ್ತಿರ ಒರಗಿಸಿದೆ. ಸೀಟಿಯನ್ನು ಕೊರಳಿಂದ ತೆಗೆದು ಜೇಬಿಗೆ ಹಾಕಿಕೊಂಡು ಪಕ್ಕದಲ್ಲಿ ಕಾವಲು ಕೂತೆ.