ಹಂಸ ಹೊತ್ತೊಯ್ದ ಓದುವ ಮಾಲೆ

ಬಹಳ ಬಹಳ ಹಿಂದೆ, ಬೆಟ್ಟಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹೊಂಬಾಳೆಪುರವೆಂಬ ರಾಜ್ಯವಿತ್ತು. ಅಲ್ಲಿನವರಿಗೆ ಏನೇ ಕಷ್ಟ ಬರಲಿ, ಮೋಡದ ಬೆಟ್ಟದ ಅಜ್ಜಿಯನ್ನು ಕೇಳಿದರೆ ಪರಿಹಾರ ಸಿಗುತ್ತಿತ್ತು. ಧೂಮಕರ್ಣನೆಂಬ ಮಾಂತ್ರಿಕನಿಗೆ ಇದನ್ನು ನೋಡಿ ಹೊಟ್ಟೆಯುರಿ. ಅವನು ಬೆಟ್ಟದ ದಾರಿಗೆಲ್ಲ ಹೊಗೆ ತುಂಬಿಸಿದ. ಅದನ್ನು ದಾಟಬಲ್ಲದ್ದು ಅರಮನೆ ಕೊಳದ ಹಂಸವೊಂದೇ. ಅಷ್ಟಕ್ಕೇ ಬಿಟ್ಟನೇ? ಹಂಸದ ದಾರಿ ಕಾಯುತ್ತ, ಕೈಕಟ್ಟಿ ಆಕಾಶ ನೋಡುತ್ತ ನಿಂತವರು ಕಲ್ಲಾಗುವಂತೆ ಮಾಟವನ್ನೂ ಮಾಡಿದ. ಗೊತ್ತಿದ್ದರೂ ಜನ ನಿಂತರು, ಕಲ್ಲಾದರು. ಹಂಸದ ಜೊತೆ ಜೀವದ ಪ್ರಶ್ನೆ ಕಳಿಸಿದವರ ಕಣ್ಣು ಮೇಲೆ ಹೋಗದೆ ಇರುತ್ತದೆಯೇ?

ಹೂವಾಡಗಿತ್ತಿ ಸುರಗಿಯ ಅಣ್ಣ ಚಿಗುರನೂ ಹಾಗೆಯೇ ಕಲ್ಲಾದ. ಅವಳಿಗೆ ಇದ್ದವನು ಅವನೊಬ್ಬನೇ. ದಿನವೂ ಅವನ ತಣ್ಣನೆಯ ಕೆನ್ನೆ ಒರೆಸಿ, ಅವನ ಪಕ್ಕದಲ್ಲೇ ಕುಳಿತು ಹೂ ಕಟ್ಟುತ್ತಿದ್ದಳು.

ಸುರಗಿ ಅಳುತ್ತ ಹಂಸಕ್ಕೆ ಎಲ್ಲವನ್ನೂ ಹೇಳಿ ಕಳಿಸಿದಳು. ತಾನು ಮಾತ್ರ ಮೇಲೆ ನೋಡದೆ ಹೂ ಕಟ್ಟುತ್ತ ಕುಳಿತಳು. ಹಂಸ ಜೋಲು ಮುಖ ಹಾಕಿಕೊಂಡು ಬಂತು.

"ಹೊಗೆಯಲ್ಲಿ ಮಾತೆಲ್ಲ ಕರಗಿಹೋಯ್ತು, ಸುರಗಿ. 'ಏನೋ ಒಂದು ಸಂಗತಿ' ಅಂತಷ್ಟೇ ಬಾಯಲ್ಲಿ ಉಳಿಯಿತು. ಅಜ್ಜಿ ಬೈದು ಕಳಿಸಿದಳು."

"ಮಾತು ಕರಗಿದರೆ ಕರಗಲಿ, ಹೂ ಕರಗುವುದಿಲ್ಲವಲ್ಲ!" ಎಂದಳು ಸುರಗಿ.

ಆ ನಾಡಿನ ಹೂವಾಡಿಗರಲ್ಲಿ ಒಂದು ಹಳೆಯ ಪದ್ಧತಿಯಿತ್ತು. ಮಾಲೆಯಲ್ಲಿ ಬಿಳಿ ಹೂ ಪ್ರಶ್ನೆ, ಅದರ ಪಕ್ಕದ್ದು ಉತ್ತರ. ಯಾರಿಗೆ ಎಂಬ ಮಲ್ಲಿಗೆಯ ಪಕ್ಕ ಸುರಗಿ ಮಾವಿನ ಚಿಗುರು ಇಟ್ಟಳು. ಏನಾಗಿದೆ ಎಂಬ ಜಾಜಿಯ ಪಕ್ಕ ಕಲ್ಲುಹೂ. ಯಾರ ಮಾಟ ಎಂಬ ನಂದಿಬಟ್ಟಲಿನ ಪಕ್ಕ ಮಾಂತ್ರಿಕರ ವಿಷದ ಹೂ ಉಮ್ಮತ್ತಿ. ಕೊನೆಗೆ ಊರಿನ ಕಲ್ಲಾದವರಿಗೆಲ್ಲ ಒಂದೊಂದು ಎಲೆ ಸೇರಿಸಿ, ಒಂದೇ ದಾರದಲ್ಲಿ ಬಿಗಿದು ಹಂಸಕ್ಕೆ ಕೊಟ್ಟಳು.

ಈ ಸಲ ಹಂಸ ಬಂದದ್ದು ಸಿಟ್ಟಿನಿಂದ. "ಬೆಟ್ಟದ ಬಾಗಿಲು ಕಾಯುವ ಕರಡಿ ಇದೆಯಲ್ಲ, ಮಾಲೆ ತನಗೇ ಅಂದುಕೊಂಡು ಕೊರಳಿಗೆ ಹಾಕಿಕೊಂಡು ತಿರುಗಾಡೋಕೆ ಹೋಯ್ತು!"

ಸುರಗಿಗೆ ಅಳುವಿನ ನಡುವೆಯೂ ನಗು ಬಂತು. "ತಪ್ಪು ನನ್ನದೇ. ಒಳಗೇನಿದೆ ಅಂತ ಹೊರಗೆ ಹೇಳಲೇ ಇಲ್ಲ."

ಅವಳು ಅಂಥದೇ ಇನ್ನೊಂದು ಮಾಲೆ ಕಟ್ಟಿ, ಬಾಳೆಲೆಯಲ್ಲಿ ಪೊಟ್ಟಣ ಮಾಡಿ, ಮೇಲೆ ಅರಿಶಿನದಿಂದ ದೊಡ್ಡ ಕಣ್ಣೊಂದನ್ನು ಬರೆದಳು. ಮುಡಿಯುವುದಲ್ಲ, ಓದುವುದು ಎಂದು ಕರಡಿಗೂ ತಿಳಿಯಬೇಕಲ್ಲ! ಬಾಗಿಲಿಗೆ ಗಂಟೆ ಕಟ್ಟಿ, "ಉತ್ತರ ಬಂದ ಕೂಡಲೇ ಇದನ್ನು ಕುಕ್ಕು" ಎಂದು ಹಂಸಕ್ಕೆ ಹೇಳಿದಳು.

ಹಂಸ ಹಾರಿತು. ಧೂಮಕರ್ಣ ಬೆವರಿದ. ಕಣ್ಣು ಬರೆದ ಪೊಟ್ಟಣವನ್ನು ಅವನೂ ಕಂಡಿದ್ದ. ಓಡಿ ಬಂದು, ಚಿಗುರನ ದನಿಯಲ್ಲಿ ಸುರಗಿಯ ಹಿಂದೆ ನಿಂತು ಕರೆದ.

"ತಂಗೀ, ಮೇಲೆ ನೋಡೇ! ಹಂಸ ರೆಕ್ಕೆ ಮುರಿದು ಬೀಳ್ತಾ ಇದೆ!"

ಸುರಗಿಯ ಕತ್ತು ನೋಯುವಷ್ಟು ಆಸೆಯಾಯಿತು. ಆ ದನಿ ಕೇಳಿ ಎಷ್ಟು ಕಾಲವಾಗಿತ್ತು! ಕಣ್ಣೀರು ಹೂವಿನ ಮೇಲೆ ತೊಟ್ಟಿಕ್ಕಿತು, ಆದರೆ ಬೆರಳು ನಿಲ್ಲಲಿಲ್ಲ.

"ಬಂದರೆ ಅದೇ ಕರೆಯುತ್ತೆ. ನನಗೆ ಕೆಲಸ ಇದೆ" ಎಂದಳು.

ಹೊತ್ತು ಕಳೆಯಿತು. ಅಜ್ಜಿ ಏನೆಂದಳೋ ಎಂಬ ಭಯ ಧೂಮಕರ್ಣನನ್ನೇ ಹಿಡಿಯಿತು. ತನಗೇ ಅರಿವಿಲ್ಲದೆ ಕೈಕಟ್ಟಿ ಆಕಾಶ ನೋಡುತ್ತ ನಿಂತ. ಪಾದ ಕಲ್ಲಾಯಿತು, ಮೊಣಕಾಲು ಕಲ್ಲಾಯಿತು, ಬಾಯಿ ತೆರೆಯುವಷ್ಟರಲ್ಲಿ ಬಾಯಿಯೂ ಕಲ್ಲಾಯಿತು.

ಠಣ್! ಗಂಟೆ ಬಾರಿಸಿತು. ಹಂಸದ ಕೊಕ್ಕಿನಲ್ಲಿ ಅಜ್ಜಿಯ ಮಾಲೆ. ಸುರಗಿ ಕಳಿಸಿದ ಒಂದೊಂದು ಎಲೆಯ ಜಾಗದಲ್ಲೂ ಒಂದೊಂದು ಕೆಂಪು ಹೂ, ತುದಿಯಲ್ಲಿ ಹೆಚ್ಚಿಗೆ ಇನ್ನೊಂದು. ಮೊದಲ ಹೂವನ್ನು ಅಣ್ಣನ ಎದೆಗೆ ತಾಗಿಸಿದಳು.

"ಎಷ್ಟೊತ್ತಾಯ್ತೇ ನಾನು ನಿಂತು? ಹೊಟ್ಟೆ ಚುರುಗುಟ್ತಾ ಇದೆ" ಎಂದ ಚಿಗುರ. ಸುರಗಿ ಅವನನ್ನು ತಬ್ಬಿಕೊಂಡು ಗಟ್ಟಿಯಾಗಿ ಅತ್ತಳು.

ಇಬ್ಬರೂ ಕಲ್ಲಿಂದ ಕಲ್ಲಿಗೆ ಓಡಿದರು. ಸಂಜೆಯಾಗುವಷ್ಟರಲ್ಲಿ ಊರೆಲ್ಲ ಗಲಗಲ ಎನ್ನತೊಡಗಿತು, ಬೆಟ್ಟದ ಹೊಗೆಯೂ ಚದುರಿತು. ದಾರದಲ್ಲಿ ಒಂದು ಹೂ ಮಿಕ್ಕಿತ್ತು. ಚಿಗುರ ಧೂಮಕರ್ಣನ ಕಡೆ ನೋಡಿ, "ಇವನಿಗಾ?" ಎಂದ.

ಸುರಗಿ ಹೂವನ್ನು ಮುಡಿಗೆ ಸಿಕ್ಕಿಸಿಕೊಂಡಳು. "ಅವನೂ ಸ್ವಲ್ಪ ಕಾಯಲಿ ಬಿಡಣ್ಣ."

ಹೊಂಬಾಳೆಪುರದವರು ಸುಖವಾಗಿದ್ದಾರೆ. ಧೂಮಕರ್ಣ ಇನ್ನೂ ಕಾಯುತ್ತಲೇ ಇದ್ದಾನೆ. ಹೂವಾಡಗಿತ್ತಿಯರು ನೆನೆಸಿದ ಬಾಳೆನಾರನ್ನು ಅವನ ಮೂಗಿಗೆ ನೇತುಹಾಕಿ ಒಣಗಿಸುತ್ತಾರೆ.